ಕಣ್ಣು ಮುಚ್ಚಿ ಹಾಜರಿ ಕೂಗುತ್ತಿದ್ದವರು

ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ತೀರಿಕೊಂಡ ಸುದ್ದಿ ಕಾಲೇಜಿನ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಮಂಡ್ಯದ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಯಾರದೋ ಆಧಾರ್ ಕಾರ್ಡಿನ ಪ್ರತಿಯನ್ನು ತಲೆಕೆಳಗಾಗಿ ತೆಗೆಯುತ್ತಿದ್ದೆ. ಬೆಳಿಗ್ಗೆ ಹಾಲು ತರಲು ಹೋದವರು ದಾರಿಯಲ್ಲೇ ಎದೆ ಹಿಡಿದುಕೊಂಡು ಕೂತರಂತೆ. ಐದು ನಿಮಿಷದಲ್ಲಿ ಗುಂಪಿನ ತುಂಬ ಕೈಮುಗಿದ ಚಿತ್ರಗಳು. ನಾನೂ ಒಂದು ಹಾಕೋಣ ಅಂತ ಹೋಗಿ, ಅವಸರದಲ್ಲಿ ಹಲ್ಲು ಕಿಸಿದ ಮುಖ ಒತ್ತಿಬಿಟ್ಟೆ. ಅಳಿಸಿದೆ. ಅಳಿಸಿದ್ದೂ ಎಲ್ಲರಿಗೂ ಕಾಣುತ್ತದೆ ಅನ್ನುವುದು ಆಮೇಲೆ ಹೊಳೆಯಿತು.

'ಲೋ, ಈಗ್ಲಾದ್ರೂ ಸುಮ್ಕಿರ್ಲಾ' ಎಂದು ಒಬ್ಬ ಬರೆದ.

ಅವನಿಗೆ ಗೊತ್ತು. ಆ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಮೇಷ್ಟ್ರ ವಿಷಯದಲ್ಲಿ ನಾನು ಸುಮ್ಮನಿರಬೇಕಾದ ಕಡೆ ಬಾಯಿ ಬಿಟ್ಟವನು, ಬಾಯಿ ಬಿಡಬೇಕಾದ ಕಡೆ ಚಪ್ಪಲಿ ನೋಡುತ್ತಾ ನಿಂತವನು. ಅವರ ಬಗ್ಗೆ ಬರೆಯಲು ನನಗಿಂತ ನಾಲಾಯಕ್ಕು ಸಿಗುವುದು ಕಷ್ಟ. ಆದರೂ ಬೇರೆ ಯಾರೂ ಬರೆಯುವುದಿಲ್ಲ.

ಕಾಲೇಜಿನ ಹೆಸರು ಬೇಡ. ಮಳವಳ್ಳಿ ಕಡೆಯ ಒಂದು ಸರ್ಕಾರಿ ಪದವಿ ಕಾಲೇಜು ಅಂದರೆ ಸಾಕು. ಎರಡು ಮಹಡಿ, ಒಂದು ಶೀಟಿನ ಶೆಡ್ಡು, ಒಂದು ಹೊಂಗೆ ಮರ. ಹುಡುಗರಿಗಿಂತ ಹುಡುಗಿಯರು ಜಾಸ್ತಿ, ಹುಡುಗಿಯರಿಗಿಂತ ದ್ವಿಚಕ್ರ ವಾಹನಗಳು ಜಾಸ್ತಿ. ಕ್ಯಾಂಟೀನ್ ಅಂತ ಬೋರ್ಡಿತ್ತು, ಕ್ಯಾಂಟೀನ್ ಇರಲಿಲ್ಲ. ನಮ್ಮ ಪಾಠದ ವೇಳಾಪಟ್ಟಿಯನ್ನು ಪ್ರಿನ್ಸಿಪಾಲರು ಬರೆದಿದ್ದರೂ ನಿಜವಾಗಿ ಅದನ್ನು ನಡೆಸುತ್ತಿದ್ದದ್ದು ಬಸ್ಸಿನ ಡ್ರೈವರುಗಳು. ಬೆಳಕವಾಡಿ ಬಸ್ಸು ಬಂದರೆ ಮೊದಲ ಪೀರಿಯಡ್ಡು ಶುರು, ಹಲಗೂರು ಬಸ್ಸು ಬಂದರೆ ಎರಡನೆಯದು. ಮಧ್ಯಾಹ್ನ ಎರಡೂವರೆ ಬಸ್ಸು ಹೋಯಿತೆಂದರೆ ಕಾಲೇಜಿನಲ್ಲಿ ಉಳಿಯುತ್ತಿದ್ದದ್ದು ಬೆಂಚು ಮತ್ತು ಪ್ರೇಮಿಗಳು. ನಾನು ಬೆಂಚುಗಳ ಗುಂಪಿಗೆ ಸೇರಿದವನು.

ಮೇಷ್ಟ್ರು ಮಂಡ್ಯದ ಗುತ್ತಲಿನವರು. ದಿನಾ ಎರಡು ಬಸ್ಸು ಹತ್ತಿ ಬರುತ್ತಿದ್ದರು. ಅವರ ಹುದ್ದೆಯ ಹೆಸರು ಅತಿಥಿ ಉಪನ್ಯಾಸಕರು. ಅಂದರೆ ಪ್ರತಿ ವರ್ಷ ಹೊಸ ಪಟ್ಟಿ ಬರುತ್ತದೆ, ಅದರಲ್ಲಿ ಹೆಸರಿದ್ದರೆ ಪಾಠ, ಇಲ್ಲದಿದ್ದರೆ ಮನೆ. ನಮ್ಮ ಮನೆಗೆ ಬಂದ ಯಾವ ಅತಿಥಿಯೂ ಮೂರು ದಿನಕ್ಕಿಂತ ಹೆಚ್ಚು ಉಳಿದಿಲ್ಲ, ನಮ್ಮಮ್ಮ ಉಳಿಯಲು ಬಿಟ್ಟಿಲ್ಲ. ಇವರು ಹದಿನೇಳು ವರ್ಷ ಅತಿಥಿಯಾಗಿದ್ದರು. ಪಟ್ಟಿ ಬರುವ ವಾರ ಅವರ ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿರುತ್ತಿದ್ದವು. ಉಳಿದ ವಾರಗಳಲ್ಲಿ ಇಸ್ತ್ರಿ ಕೆಡುತ್ತಿರಲಿಲ್ಲ.

ಅವರು ಹಾಜರಿ ಹಾಕುವ ರೀತಿ ಮಾತ್ರ ಬೇರೆಲ್ಲೂ ನಾನು ಕಂಡಿಲ್ಲ. ನಂಬರ್ ಕೂಗುತ್ತಿರಲಿಲ್ಲ. ಊರು ಸೇರಿಸಿ ಹೆಸರು ಕೂಗುತ್ತಿದ್ದರು. ಕೂಗುವಾಗ ಕಣ್ಣು ಮುಚ್ಚಿಕೊಂಡು, ತಲೆಯನ್ನು ಒಂದು ಕಡೆ ವಾಲಿಸಿ, ಉತ್ತರ ಬರುವ ತನಕ ಪೆನ್ನನ್ನು ರಿಜಿಸ್ಟರಿನ ಮೇಲೆ ಒಂದು ಅಂಗುಲ ಎತ್ತರದಲ್ಲಿ ಹಿಡಿದಿರುತ್ತಿದ್ದರು. ನಾವು 'ಬಂದಿವ್ನಿ ಸಾ' ಅನ್ನಬೇಕು. ಇಂಗ್ಲಿಷಿನಲ್ಲಿ ಹೇಳಿದರೆ ಹಾಜರಿ ಇಲ್ಲ. "ಇಂಗ್ಲಿಸಲ್ಲಿ ನಿಮ್ಮೆಲ್ಲಾರ್ ಗಂಟ್ಲೂ ಒಂದೇ ತರ ಕೇಳುಸ್ತದೆ ಕಣ್ರಲಾ. ನಂಗೆ ನಿಮ್ ಗಂಟ್ಲು ಬೇಕು," ಅನ್ನುತ್ತಿದ್ದರು.

ಆ ಎರಡು ಮಾತಿನಲ್ಲಿ ಅವರಿಗೆ ಏನೇನೋ ಕೇಳಿಸುತ್ತಿತ್ತು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ 'ಬಂದಿವ್ನಿ ಸಾ' ಅಂದ. ಮೇಷ್ಟ್ರು ಕಣ್ಣು ತೆರೆಯದೆಯೇ, "ನೀನು ಬಂದಿಲ್ಲ, ನಿನ್ ಜ್ವರ ಬಂದದೆ. ಎದ್ದು ಆಸ್ಪತ್ರೆಗೋಗು," ಅಂದರು. ನಾವು ನಕ್ಕೆವು. ಸಂಜೆ ಹೊತ್ತಿಗೆ ಅವನಿಗೆ ಗ್ಲೂಕೋಸ್ ಏರಿಸುತ್ತಿದ್ದರು, ಡೆಂಗಿ. ಇನ್ನೊಮ್ಮೆ ಮುಂದಿನ ಬೆಂಚಿನ ಹುಡುಗಿ ಉತ್ತರ ಕೊಟ್ಟ ಮೇಲೆ ಪೆನ್ನು ಇಳಿಯಲೇ ಇಲ್ಲ. ಕ್ಲಾಸು ಮುಗಿದ ಮೇಲೆ ಅವಳನ್ನು ಹೊಂಗೆ ಮರದ ಹತ್ತಿರ ಕರೆದು, "ಏನವ್ವ, ಮನೇಲಿ ಮದ್ವೆ ಮಾತಾ?" ಎಂದು ಕೇಳಿದರು. ಅವಳು ಅತ್ತಳು. ಮೇಷ್ಟ್ರು ಭಾನುವಾರ ಅವಳ ಅಪ್ಪನ ಗದ್ದೆಗೇ ಹೋಗಿ ಬದುವಿನ ಮೇಲೆ ಕೂತು ಮಾತಾಡಿ ಬಂದರು. ಅವಳು ಪದವಿ ಮುಗಿಸಿದಳು.

ಆದರೆ ಅವರಿಗೆ ಒಂದು ಭಯವಿತ್ತು. ಯಾರಾದರೂ ಉತ್ತರ ಕೊಡದಿದ್ದರೆ ತಕ್ಷಣ ಮುಂದಿನ ಹೆಸರಿಗೆ ಹೋಗುತ್ತಿರಲಿಲ್ಲ. ಇನ್ನೊಮ್ಮೆ ಕೂಗಿ, ಬಾಗಿಲ ಕಡೆ ತಿರುಗಿ, ಒಂದು ಉಸಿರು ಕಾಯುತ್ತಿದ್ದರು. ಇಡೀ ಕ್ಲಾಸು ಸುಮ್ಮನಾಗಿಬಿಡುತ್ತಿತ್ತು. ಬರದವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವಾಗ ಅವರ ಮುಖ ನೋಡಿದರೆ ಆ ಹುಡುಗನಿಗೆ ಏನೋ ಆಗಿಹೋಗಿದೆ ಅನ್ನಿಸುತ್ತಿತ್ತು. ಆಮೇಲೆ ವರಾಂಡದಲ್ಲಿ ನಿಂತು ಅವನ ಮನೆಗೆ ಫೋನು. "ನಿಮ್ ಹುಡ್ಗ ಮನೇಲವ್ನಾ?" ಅವನು ಪಕ್ಕದ ಬೇಕರಿಯಲ್ಲಿ ಪಫ್ಸ್ ತಿನ್ನುತ್ತಿರುತ್ತಿದ್ದ. ಮನೆಯಲ್ಲಿ ಏಟು ಬೀಳುತ್ತಿತ್ತು. ಹೀಗಾಗಿ ಮೇಷ್ಟ್ರ ಪೀರಿಯಡ್ಡಿಗೆ ತಪ್ಪಿಸಿಕೊಳ್ಳುವುದು, ಇನ್ನೊಬ್ಬರಿಂದ ಹಾಜರಿ ಕೂಗಿಸುವುದು, ಎರಡೂ ಆಗದ ಮಾತಾಗಿತ್ತು.

ಆಗದ ಮಾತು ಅಂದರೆ ನನಗೆ ತುರಿಕೆ.

ನಾನು ಕಾಲೇಜಿನ ಮಿಮಿಕ್ರಿ ಕಲಾವಿದ. ಹಾಗಂತ ನಾನೇ ಹೇಳಿಕೊಂಡಿದ್ದೆ. ಕಾಲೇಜು ದಿನಾಚರಣೆಯಲ್ಲಿ ನಾಯಿ, ನವಿಲು, ರೈಲು ಮೂರನ್ನೂ ಮಾಡಿ, ಮೂರಕ್ಕೂ 'ಹಸು ಚೆನ್ನಾಗಿತ್ತು' ಎಂಬ ಹೊಗಳಿಕೆ ಪಡೆದವನು. ಮೊದಲ ವರ್ಷ ಒಮ್ಮೆ ಗೆಳೆಯನಿಗಾಗಿ ಕೂಗಿದ್ದಕ್ಕೆ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, "ಹಲಗೂರು, ನಿಂಗೆ ಎರಡು ಒಟ್ಟೆ ಇರ್ಬೋದು, ಎರಡು ಗಂಟ್ಲಿಲ್ಲ ಕಣ್ಲಾ," ಅಂದಿದ್ದರು. ಹಲಗೂರು ಅಂದರೆ ನಾನು. ಹುಡುಗಿಯರು ವಾರಗಟ್ಟಲೆ ನಕ್ಕರು. ನಾನು ಸೇಡು ತೀರಿಸಿಕೊಳ್ಳಲು ಎರಡು ವರ್ಷ ಕಾದೆ. ಅಷ್ಟು ಛಲದಿಂದ ಓದಿದ್ದರೆ ಇವತ್ತು ನಾನು ಜೆರಾಕ್ಸ್ ಮಾಡುವ ಬದಲು ನನ್ನ ಸರ್ಟಿಫಿಕೇಟನ್ನು ಯಾರಾದರೂ ಜೆರಾಕ್ಸ್ ಮಾಡುತ್ತಿದ್ದರು.

ಮೂರನೇ ವರ್ಷ ನಂಜುಂಡ ಆ ಅವಕಾಶ ಕೊಟ್ಟ. ಬೆಳಕವಾಡಿಯವನು, ನನ್ನ ಬೆಂಚಿನವನು. ಕಬ್ಬಿನ ಕಾಲದಲ್ಲಿ ವಾರಕ್ಕೆ ಎರಡು ದಿನ ಮದ್ದೂರು ರಸ್ತೆಯ ಒಂದು ಆಲೆಮನೆಗೆ ಕೆಲಸಕ್ಕೆ ಹೋಗುತ್ತಿದ್ದ. ಗಾಣಕ್ಕೆ ಕಬ್ಬು ಕೊಡುವುದು ಅವನ ಕೆಲಸ. ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ಕೂರಿಸುವುದಿಲ್ಲ ಅನ್ನುವ ಹಂತಕ್ಕೆ ಬಂದಿತ್ತು.

"ಮಗಾ, ನಾಳೀಕೆ ಒಂದಿನ ಮೇಷ್ಟ್ರ ಪೀರಿಯಡ್ಗೆ ನೀನೇ ಕೂಗ್ಬುಡ್ಲಾ," ಅಂದ. "ಈ ತಿಂಗ್ಳು ಇನ್ನೊಂದು ಕೆಂಪುಗೆರೆ ಬಿದ್ರೆ ನನ್ ಕತೆ ಮುಗೀತು."

"ಅವ್ರು ಕಂಡಿಡ್ಕತಾರೆ ಕಣ್ಲಾ."

"ನಿಂಗೆ ಬರಲ್ಲ ಅನ್ನು. ಬುಡು, ಬೇರೆಯೋರ್ನ ಕೇಳ್ತೀನಿ."

ಆ ಮಾತು ಸಾಕಾಯಿತು. ನಂಜನ ಧ್ವನಿ ಸ್ವಲ್ಪ ಮೂಗಿನದು. ಕೊನೆಯಲ್ಲಿ ಒಡೆಯುತ್ತಿತ್ತು, ಟ್ರ್ಯಾಕ್ಟರ್ ಆಫ್ ಮಾಡಿದ ಹಾಗೆ. ಸಂಜೆಯೆಲ್ಲಾ ಕೊಟ್ಟಿಗೆಯಲ್ಲಿ ನಿಂತು ಅಭ್ಯಾಸ ಮಾಡಿದೆ. ನಮ್ಮ ಎಮ್ಮೆ ಹಾಲು ಕಡಿಮೆ ಕೊಟ್ಟಿತು. ಅಮ್ಮ ಬಂದು, "ಯಾಕ್ಲಾ ಇಂಗ್ ಒದರ್ತೀಯ, ಓದ್ಕಳದಿದ್ರೆ ಬ್ಯಾಡ, ಬಾಯ್ಮುಚ್ಕಂಡಿರು," ಅಂದಳು. ಅಮ್ಮನ ಮಾತು ಕೇಳಬೇಕಿತ್ತು.

ಮಾರನೇ ದಿನ ಹನ್ನೊಂದು ಗಂಟೆಯ ಪೀರಿಯಡ್ಡು. ಮೇಷ್ಟ್ರು ಕಣ್ಣು ಮುಚ್ಚಿದರು. "ಬೆಳಕವಾಡಿ ನಂಜುಂಡ."

ನಾನು ಬೆಂಚಿನ ಕೆಳಗೆ ಬಗ್ಗಿ, "ಬಂದಿವ್ನಿ ಸಾ."

ಪೆನ್ನು ನಿಂತಿತು. ತಲೆ ಇನ್ನಷ್ಟು ವಾಲಿತು. ಆಮೇಲೆ ಪೆನ್ನು ಇಳಿಯಿತು, ನೀಲಿ ಶಾಯಿಯಲ್ಲಿ ಹಾಜರಿ ಬಿತ್ತು. ಹಿಂದಿನ ಬೆಂಚಿನವರು ನನ್ನ ಬೆನ್ನಿಗೆ ಗುದ್ದಿದ ಗುದ್ದಿಗೆ ಎರಡು ದಿನ ನೋವಿತ್ತು. ಅಷ್ಟು ದೊಡ್ಡ ಗೆಲುವು ನನ್ನ ಜೀವನದಲ್ಲಿ ಅದಕ್ಕೆ ಮುಂಚೆ ಇರಲಿಲ್ಲ. ಆಮೇಲೂ ಬಂದಿಲ್ಲ.

ಒಂದು ಗಂಟೆಗೆ ಫೋನು ಬಂತು. ಹನ್ನೊಂದರ ಸುಮಾರಿಗೆ ನಂಜನ ಬಲಗೈ ಗಾಣಕ್ಕೆ ಸಿಕ್ಕಿತ್ತು.

ನಾವು ನಾಲ್ಕು ಜನ ಬಸ್ಸು ಹತ್ತಿ ಮಂಡ್ಯದ ಆಸ್ಪತ್ರೆಗೆ ಹೋದೆವು. ಕೈಯಿರಬೇಕಾದ ಕಡೆ ಬಿಳಿ ಬಟ್ಟೆಯ ಮೂಟೆ ಇತ್ತು. ಮೂರು ಬೆರಳು ಹೋಗಿವೆ ಎಂದು ಅವನ ಅವ್ವ ಹೇಳಿದರು. ನಂಜ ಅರ್ಧ ಕಣ್ಣು ತೆರೆದು ನನ್ನನ್ನು ನೋಡಿ, "ಮಗಾ, ಆಜ್ರಿ ಬಿತ್ತಾ?" ಅಂದ.

"ಬಿತ್ತು ಕಣ್ಲಾ," ಅಂದೆ.

ಆ ಹಾಜರಿ ಏನು ಮಾಡುತ್ತದೆ ಎಂದು ನಮಗೆ ಗೊತ್ತಾಗಿದ್ದು ನಾಲ್ಕು ದಿನ ಕಳೆದ ಮೇಲೆ. ನಂಜನ ಅವ್ವ ಪೊಲೀಸ್ ಠಾಣೆಗೆ ದೂರು ಕೊಟ್ಟರು. ಆಲೆಮನೆಯವನು ಕೈಯೆತ್ತಿಬಿಟ್ಟ. ಆ ಹುಡುಗ ನಮ್ಮಲ್ಲಿಗೆ ಬಂದೇ ಇಲ್ಲ, ಮನೆಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಕೈ ಕೊಟ್ಟುಕೊಂಡು ನಮ್ಮ ತಲೆಗೆ ಕಟ್ಟುತ್ತಿದ್ದಾರೆ ಅಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅವತ್ತು ಹನ್ನೊಂದ್ ಗಂಟೇಲಿ ಅವ್ನು ಕಾಲೇಜಲ್ಲಿದ್ದ. ಬೇಕಾದ್ರೆ ಹಾಜ್ರಿ ಪುಸ್ತಕ ತರ್ಸಿ ನೋಡಿ," ಅಂದ. ಆಗಿನ್ನೂ ನಾನು ನನ್ನ ಗೆಲುವನ್ನು ಬೇಕರಿಯಲ್ಲಿ ದಿನಕ್ಕೊಮ್ಮೆ ಅಭಿನಯಿಸಿ ತೋರಿಸುತ್ತಿದ್ದೆ. ಅಲ್ಲಿಂದ ಮದ್ದೂರು ರಸ್ತೆಗೆ ಸುದ್ದಿ ಹೋಗಲು ಎಷ್ಟು ಹೊತ್ತು?

ಸಬ್ ಇನ್ಸ್‌ಪೆಕ್ಟರ್ ಮರುದಿನ ರಿಜಿಸ್ಟರ್ ನೋಡಲು ಬರುತ್ತಾರೆ ಎಂದಾಯಿತು. ಹದಿನೇಳು ವರ್ಷದಲ್ಲಿ ಒಂದೂ ತಪ್ಪು ಗುರುತಿಲ್ಲದ ರಿಜಿಸ್ಟರು ಅದು. ಅದನ್ನು ಯಾರು ತಾನೇ ನಂಬುವುದಿಲ್ಲ?

ಮೇಷ್ಟ್ರು ಅಷ್ಟರಲ್ಲಿ ಆಸ್ಪತ್ರೆಗೆ ಹೋಗಿ ನಂಜನ ಪಕ್ಕ ಕೂತು ಬಂದಿದ್ದರು. ತಾನು ಗಾಣದ ಹತ್ತಿರ ಇದ್ದೆ ಎಂದು ನಂಜ ಹೇಳಿದ. ಯಾರು ಕೂಗಿದರು ಎಂದು ಮಾತ್ರ ಹೇಳಲಿಲ್ಲ. 'ಗೊತ್ತಿಲ್ಲ ಸಾ' ಅಂದನಂತೆ.

ಮೇಷ್ಟ್ರು ಕ್ಲಾಸಿಗೆ ಬಂದರು. ಅವತ್ತು ಹಾಜರಿ ಕೂಗಲಿಲ್ಲ, ಕಣ್ಣು ತೆರೆದುಕೊಂಡೇ ನಮ್ಮೆದುರು ನಿಂತರು. "ಅವತ್ತು ನಂಜುಂಡನ ಹೆಸ್ರಿಗೆ ಯಾರಾದ್ರೂ ಕೂಗಿದ್ರಾ? ಕೂಗಿದ್ರೆ ಹೇಳ್ರಪ್ಪ. ಪೊಲೀಸ್ರಿಗೆ ಹೇಳಲ್ಲ, ಪ್ರಿನ್ಸಿಪಾಲ್ರಿಗೂ ಹೇಳಲ್ಲ. ನಂಗೊಬ್ನಿಗೆ ಗೊತ್ತಾಗ್ಬೇಕು."

ಅರುವತ್ತು ಜನ ಬೆಂಚಿನ ಮೇಲಿನ ಗೀಚು ನೋಡಿದರು. ನಾನು ನನ್ನ ಚಪ್ಪಲಿ ನೋಡಿದೆ. ಚಪ್ಪಲಿಯ ಪಟ್ಟಿಯಲ್ಲಿ ಏಳು ಹೊಲಿಗೆ ಇದ್ದವು.

"ನಾನು ಕೇಳಿಸ್ಕಂಡೆ ಕಣ್ರಪ್ಪ," ಅಂದರು ಮೇಷ್ಟ್ರು. "ಅವನ್ದೇ ಗಂಟ್ಲು. ಕೇಳಿಸ್ಕಂಡೇ ಹಾಕ್ದೆ."

ಯಾರಾದರೂ ಹೇಳಿಬಿಡುತ್ತಾರೆ ಅನ್ನಿಸಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಿರುಗಿ ನನ್ನ ಕಡೆ ನೋಡುತ್ತಿದ್ದಳು. ಹೆದರಿದಾಗ ನನ್ನ ಕಾಲು ಓಡುವುದಿಲ್ಲ, ನಾಲಿಗೆ ಓಡುತ್ತದೆ. ಎದ್ದು ನಿಂತೆ.

"ಸಾ, ಅವತ್ತು ಯಾರೂ ಕೂಗ್ಲೇ ಇಲ್ಲ ಸಾ. ನೀವೇ ಕೂಗುದ್ರಿ, ನೀವೇ ಕೇಳಿಸ್ಕಂಡ್ರಿ, ನೀವೇ ಹಾಕ್ಕಂಡ್ರಿ. ನಾವೂ ಯಾಕೋ ಅಂದ್ಕಂಡೋ ಸಾ."

ಕ್ಲಾಸು ಗೊಳ್ಳೆಂದು ನಕ್ಕಿತು. ಇಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರೆಲ್ಲ ನಗುವಾಗಿ ಹೊರಬಂತು. ಮೇಷ್ಟ್ರೂ ಸ್ವಲ್ಪ ನಕ್ಕರು. ಆಮೇಲೆ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ನಗು ನಿಂತಿತು. "ಹಂಗಾ?" ಅಂದರು. ಯಾರೂ 'ಇಲ್ಲ' ಅನ್ನಲಿಲ್ಲ.

ಆ ನಗು ನನ್ನ ಜೀವನದ ಅತ್ಯುತ್ತಮ ಜೋಕಿಗೆ ಬಂದದ್ದು. ಈಗಲೂ ಕೆಲವು ಸಲ ಊಟ ಮಾಡುವಾಗ ಕೇಳಿಸುತ್ತದೆ.

ಮರುದಿನ ಪ್ರಿನ್ಸಿಪಾಲರ ಕೋಣೆಯ ಕಿಟಕಿಯ ಹೊರಗೆ ನಾನು ಯಾವುದೋ ಅರ್ಜಿ ಹಿಡಿದು ನಿಂತಿದ್ದೆ. ಅರ್ಜಿ ನೆಪ. ಸಬ್ ಇನ್ಸ್‌ಪೆಕ್ಟರ್ ಇನ್ನೂ ಬಂದಿರಲಿಲ್ಲ. ಪ್ರಿನ್ಸಿಪಾಲರು ಕೆಟ್ಟವರಲ್ಲ. ಮೆಲ್ಲಗೆ ಹೇಳುತ್ತಿದ್ದರು. "ನೆನಪಿಲ್ಲ ಅಂತ ಹೇಳ್ಬುಡಿ ಸಾಕು. ರಿಜಿಸ್ಟರ್ ತಪ್ಪು ಅಂತ ನೀವೇ ಬರ್ಕೊಟ್ರೆ ಮುಂದಿನ ವರ್ಷದ ಪಟ್ಟೀಲಿ ನಾನು ನಿಮ್ ಹೆಸ್ರು ಹೆಂಗ್ರೀ ಕಳ್ಸ್ಲಿ?"

"ಸಾರ್, ಆ ಹುಡ್ಗನ ಬೆರಳು ಹೋಗವೆ," ಅಂದರು ಮೇಷ್ಟ್ರು. "ಅವನ ಅವ್ವನ ಮಾತು ಸುಳ್ಳು ಅಂತ ನನ್ ಪುಸ್ತಕ ಹೇಳ್ಬಾರ್ದು."

ಕೆಂಪು ಪೆನ್ನು ತೆಗೆದು ನೀಲಿ ಗುರುತನ್ನು ಹೊಡೆದುಹಾಕಿದರು. ಪಕ್ಕದಲ್ಲಿ 'ಗೈರುಹಾಜರು. ನನ್ನ ತಪ್ಪು' ಎಂದು ಬರೆದು ಸಹಿ ಹಾಕಿದರು. ನಾನು ನಿಂತಿದ್ದ ಕಡೆಯಿಂದ ಒಳಗೆ ಹೋಗಲು ಎಂಟು ಹೆಜ್ಜೆ ಸಾಕಿತ್ತು. ಬಾಗಿಲು ತೆರೆದೇ ಇತ್ತು. ನಾನು ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಆ ಕೆಂಪು ಗೆರೆಯಿಂದ ಆಲೆಮನೆಯವನ ಮಾತು ಬಿದ್ದುಹೋಯಿತು. ಅವನು ತಪ್ಪು ಒಪ್ಪಿಕೊಂಡು ನಂಜನ ಚಿಕಿತ್ಸೆ ನೋಡಿಕೊಳ್ಳಬೇಕಾಯಿತು. ನಂಜ ಎಡಗೈಯಲ್ಲಿ ಬರೆಯಲು ಕಲಿತು ಮರುವರ್ಷ ಪರೀಕ್ಷೆ ಕಟ್ಟಿದ. ಮೇಷ್ಟ್ರು ಉಳಿದ ಮೂರು ತಿಂಗಳು ಕಣ್ಣು ತೆರೆದೇ ಹಾಜರಿ ಹಾಕಿದರು. ಒಬ್ಬೊಬ್ಬರನ್ನೂ ಎದ್ದು ನಿಲ್ಲಿಸಿ, ಮುಖ ನೋಡಿ, ಮತ್ತೊಮ್ಮೆ ಹೆಸರು ಕೇಳಿ. ಅರ್ಧ ಪೀರಿಯಡ್ಡು ಅದಕ್ಕೇ ಹೋಗುತ್ತಿತ್ತು. ಬೇರೆ ಯಾರಾದರೂ ಮಾತಾಡಿಸಿದರೆ, "ನೀವು ಕರೆದ್ರಾ?" ಎಂದು ಕೇಳಿ ಖಾತ್ರಿ ಮಾಡಿಕೊಂಡು ಉತ್ತರ ಕೊಡುತ್ತಿದ್ದರು. ನಮಗೆ ಅದೂ ತಮಾಷೆಯಾಗಿತ್ತು. ಮುಂದಿನ ವರ್ಷದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ಎರಡು ವರ್ಷದ ಮೇಲೆ ಅವರು ನನ್ನ ಅಂಗಡಿಗೆ ಬಂದರು. ಒಂದು ಶನಿವಾರ. ನನಗೆ ಗಡ್ಡ ಬಂದಿತ್ತು, ಗುರುತು ಸಿಗಲಿಲ್ಲ. ಬಾಯಿ ಬಿಟ್ಟಿದ್ದರೆ ಸಿಗುತ್ತಿತ್ತು. ಬಿಡಲಿಲ್ಲ. ಎಷ್ಟು ಪ್ರತಿ ಎಂದು ಬೆರಳೆತ್ತಿ ಕೇಳಿದೆ. ನನ್ನನ್ನು ಮೂಗ ಅಂದುಕೊಂಡರೋ ಏನೋ, ಅವರೂ ಎರಡು ಬೆರಳು ತೋರಿಸಿ, ಆಮೇಲೆ ಮರುಕದಿಂದ ಮುಗುಳ್ನಕ್ಕರು.

ಗಿರಾಕಿಗಳ ಕಾಗದ ಓದುವುದು ನಮ್ಮ ಕಸುಬಿನ ಕೆಟ್ಟ ಚಾಳಿ. ಅವು ಕಿವಿ ಪರೀಕ್ಷೆಯ ವರದಿಗಳು. ಮಂಡ್ಯದ್ದು ಒಂದು, ಮೈಸೂರಿನವು ಎರಡು. ಮೂರರಲ್ಲೂ ಕಿವಿ ಸರಿಯಿದೆ ಎಂದೇ ಇತ್ತು. ನಾಲ್ಕನೆಯದು ಕಿವಿಯ ಡಾಕ್ಟರು ಮನಸ್ಸಿನ ಡಾಕ್ಟರಿಗೆ ಬರೆದ ಚೀಟಿ. ಇಲ್ಲದ ಧ್ವನಿ ಕೇಳಿಸಿತು ಎನ್ನುತ್ತಾರೆ, ಅಂದಿನಿಂದ ಯಾರ ಮಾತನ್ನೂ ನಂಬುತ್ತಿಲ್ಲ, ದಯವಿಟ್ಟು ನೋಡಿ ಎಂದು ಬರೆದಿತ್ತು. ಯಂತ್ರದ ಬೆಳಕು ಆ ಸಾಲುಗಳ ಕೆಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು.

"ಸೋಮವಾರ ಮೈಸೂರ್ಗೆ ಹೋಗ್ಬೇಕು," ಎಂದರು ಮೇಷ್ಟ್ರು, ನಾನು ಕೇಳದಿದ್ದರೂ. "ಮಾತ್ರೆ ಕೊಡ್ತಾರಂತೆ. ತಗಂಡ್ರೆ ಏನೂ ಕೇಳ್ಸಲ್ವಂತೆ."

ಕಾಗದಗಳನ್ನು ಕೊಟ್ಟೆ. ಹೋದರು. ನಾನು ಮೂಗನಾಗಿಯೇ ಉಳಿದೆ.

ಭಾನುವಾರ ನಾಲ್ಕು ಗಂಟೆಗೆ ಗುತ್ತಲಿಗೆ ಹೋದೆ. ಮನೆ ಹುಡುಕಲು ಅರ್ಧ ಗಂಟೆ ಹಿಡಿಯಿತು, ಕಾರಣ ಎರಡು ಸಲ ಬಾಗಿಲ ತನಕ ಹೋಗಿ ವಾಪಸ್ ಬಂದಿದ್ದೆ. ಮೂರನೇ ಸಲ ಅವರ ಹೆಂಡತಿಯೇ ಬಾಗಿಲು ತೆಗೆದು, "ಯಾರಪ್ಪ ನೀನು, ಗೇಟ್ ತೆಗ್ಯೋದು ಹಾಕೋದು ಮಾಡ್ತಿದ್ದೀಯ?" ಅಂದರು.

ಮೇಷ್ಟ್ರು ಒಳಗೆ ಕುರ್ಚಿಯಲ್ಲಿದ್ದರು. ನಾನು ಬಾಯಿ ಬಿಟ್ಟೆ. "ಸಾ, ಅವತ್ತು ನಂಜನ ಎಸ್ರಿಗೆ ಕೂಗ್ದೋನು ನಾನು ಸಾ. ಕ್ಲಾಸಲ್ಲಿ ಸುಳ್ಳೇಳ್ದೋನೂ ನಾನೇ."

ಅವರ ತಲೆ ಒಂದು ಕಡೆ ವಾಲಿತು. ಬೈಯುತ್ತಾರೆ, ಹೊಡೆಯುತ್ತಾರೆ, ಕ್ಷಮಿಸುತ್ತಾರೆ, ಮೂರಕ್ಕೂ ನಾನು ಬಸ್ಸಿನಲ್ಲಿ ಉತ್ತರ ತಯಾರು ಮಾಡಿಕೊಂಡಿದ್ದೆ. ಅವರು ಮೂರನ್ನೂ ಮಾಡಲಿಲ್ಲ.

"ಇನ್ನೊಂದ್ಸಲ ಹೇಳು," ಅಂದರು.

ಹೇಳಿದೆ.

"ಇವಳೇ, ಬಾ ಇಲ್ಲಿ," ಎಂದು ಹೆಂಡತಿಯನ್ನು ಅಡುಗೆಮನೆಯಿಂದ ಕರೆದರು. "ಇವಳಿಗೂ ಹೇಳು."

ಹೇಳಿದೆ. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದವರು ಅಲ್ಲಿಗೇ ನಿಲ್ಲಿಸಿದರು. ನನ್ನನ್ನು ನೋಡಲಿಲ್ಲ, ಗಂಡನನ್ನು ನೋಡಿದರು. "ಎರಡು ವರ್ಷ ಕಣಪ್ಪ," ಅಂದರು ಮೆಲ್ಲಗೆ. "ಯಾರೋ ಕೂಗಿದ್ರು, ಯಾರೋ ಕೂಗಿದ್ರು ಅಂತ ದಿನಾ ಹೇಳೋರು. ನಾನೂ ನಂಬ್ಲಿಲ್ಲ. ಒಬ್ರೇ ಇರೋಕೆ ಬಿಡ್ದೆ ಕಾಯ್ಕೊಂಡಿದ್ದೆ."

ಮೇಷ್ಟ್ರು ಎದ್ದು ಹೊರಗೆ ಬಂದರು, ನನ್ನ ತೋಳು ಹಿಡಿದುಕೊಂಡೇ. ಬಿಗಿ ಹಿಡಿತ. ಕಾಂಪೌಂಡಿನ ಆಚೆ ಪಕ್ಕದ ಮನೆಯವರು ಗಿಡಕ್ಕೆ ನೀರು ಹಾಕುತ್ತಿದ್ದರು. ಅವರನ್ನು ಕೂಗಿ ಕರೆದರು. ಅವರ ಹಿಂದೆ ಇನ್ನಿಬ್ಬರು ಬಂದರು. "ಇವ್ರಿಗೂ ಹೇಳು," ಅಂದರು.

ಗೋಡೆಯ ಆಚೆ ಮೂರು ಮುಖಗಳು ನನ್ನನ್ನೇ ನೋಡುತ್ತಿದ್ದವು. ನನ್ನ ನಾಲಿಗೆಗೆ ಅಷ್ಟು ಜನ ಕಂಡರೆ ಸಾಕು. ಶುರು ಮಾಡಿದೆ. "ಏನಿಲ್ಲ, ನಾನು ನಮ್ ಕಾಲೇಜಲ್ಲಿ ದೊಡ್ಡ ಕಲಾವಿದ, ನನ್ ದನಿಗೆ ಎಮ್ಮೇನೂ ಹಾಲು..."

ತೋಳಿನ ಮೇಲಿನ ಹಿಡಿತ ಬಿಗಿಯಾಯಿತು.

"ನಗ್ಸಬ್ಯಾಡ," ಅಂದರು ಮೇಷ್ಟ್ರು. "ಸುಮ್ನೆ ಹೇಳು."

ಸುಮ್ಮನೆ ಹೇಳಿದೆ.